ಅಳಿಯನ ಎದುರು ಪೋಕರ್

ಕರ್ಕ್‌ಲ್ಯಾಂಡ್
೨೭ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ಇವರಿಗೆ,

ನಿಮ್ಮ ಉಷಾಳ ನಮಸ್ಕಾರಗಳು. ಎಡಗಣ್ಣು ಹೇಗಿದೆ? ಪೊರೆ ತೆಗೆಸಿಕೊಂಡು ಮನೆಗೆ ಬಂದ ಮೇಲೆ ನಮ್ಮ ಹಾಲಿನ ಗೋಡೆ ಹಳದಿಯಲ್ಲ, ಬಿಳಿ ಎಂದು ಗೊತ್ತಾಯಿತು ಅಂತ ಫೋನಿನಲ್ಲಿ ನಕ್ಕಿರಲ್ಲ, ಆ ನಗು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು. ಡ್ರಾಪ್ಸ್ ತಪ್ಪಿಸಬೇಡಿ. ಬಗ್ಗಿ ಬಕೆಟ್ ಎತ್ತಬೇಡಿ. ನಿಮ್ಮ ಅಕ್ಕ ಹಾಕುವ ಡ್ರಾಪ್ಸ್ ಕಣ್ಣಿಗಿಂತ ಕೆನ್ನೆಗೇ ಹೆಚ್ಚು ಬೀಳುತ್ತದೆ ಎಂದು ದೂರಬೇಡಿ. ಈ ವಯಸ್ಸಿನಲ್ಲಿ ಅವರು ತಮ್ಮ ಮನೆ ಬಿಟ್ಟು ಸರಸ್ವತಿಪುರಂಗೆ ಬಂದು ನಿಮ್ಮ ಜೊತೆ ಇರುವುದೇ ದೊಡ್ಡದು. ಬಲಗಣ್ಣಿನದನ್ನೂ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಆಮೇಲೆ ವಿಮಾನ ಹತ್ತಬಹುದು ಎಂದು ಡಾಕ್ಟರು ಹೇಳಿದ್ದಾರೆ, ನೆನಪಿರಲಿ. ಈ ಕಾಗದವನ್ನು ಕಪ್ಪು ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಆದರೂ ಒಂದೇ ಸಲಕ್ಕೆ ಓದಬೇಡಿ, ಕಣ್ಣಿಗೆ ವಿಶ್ರಾಂತಿ ಕೊಟ್ಟು ಓದಿ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಈ ಮನೆಯಲ್ಲಿ ಫೋನು ಎಂದರೆ ಸ್ಪೀಕರು. ನೀವು ಅಲ್ಲಿ ಕೆಮ್ಮಿದರೆ ಇಲ್ಲಿ ಅಡುಗೆಮನೆಯಲ್ಲಿರುವವರೂ ಕೇಳಿಸಿಕೊಳ್ಳುತ್ತಾರೆ. ಅದಲ್ಲದೆ ಫೋನಿನಲ್ಲಿ ನಿಮಗೆ ವಿಷಯದ ತಲೆ ಸಿಕ್ಕರೆ ಸಾಕು, ಬಾಲದವರೆಗೆ ಕೇಳುವ ತಾಳ್ಮೆ ಇಲ್ಲ. ನಡುವೆಯೇ ಬೈಯಲು ಶುರು. ಕಾಗದವನ್ನು ಬೈದರೆ ಕಾಗದಕ್ಕೇನೂ ಆಗುವುದಿಲ್ಲ. ಡುವಾಲ್‌ನಲ್ಲಿರುವ ನಮ್ಮ ಪರಿಚಯದ ಚಂದ್ರಶೇಖರ್ ನಾಳೆ ಊರಿಗೆ ಹೊರಟಿದ್ದಾರೆ, ಮೈಸೂರಿಗೂ ಬರುತ್ತಾರಂತೆ. ನಿಮ್ಮ ಮಾತ್ರೆ ಡಬ್ಬಿ ತೆಗೆದುಕೊಂಡು ಹೋಗಲು ಇವತ್ತು ಸಂಜೆ ನಮ್ಮ ಮನೆಗೆ ಬರುವವರಿದ್ದಾರೆ. ಅವರ ಕೈಲೇ ಇದನ್ನೂ ಕಳಿಸುತ್ತೇನೆ.

ಹೇಳಿಬಿಡುತ್ತೇನೆ. ನಾನು ನಿನ್ನೆ ಇಸ್ಪೀಟು ಆಡಿದೆ. ಮನೆಯಲ್ಲಲ್ಲ, ಹೊರಗೆ, ಸಮುದ್ರದ ದಡದಲ್ಲಿರುವ ಮುಕಿಲ್ಟಿಯೊ ಎಂಬ ಊರಿನ ಹತ್ತಿರ ಸರ್ಕಾರದ ಲೈಸೆನ್ಸ್ ಇರುವ ಒಂದು ಕಾರ್ಡ್ ರೂಮಿನಲ್ಲಿ, ಗುರುತು ಪರಿಚಯವಿಲ್ಲದ ಗಂಡಸರು ಹೆಂಗಸರ ನಡುವೆ ಕೂತು. ಆಟದ ಹೆಸರು ಪೋಕರ್. ಕರೆದುಕೊಂಡು ಹೋದವನು ನಿಮ್ಮ ಅಳಿಯ. ಈಗ ಕಾಗದ ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬನ್ನಿ.

ಬಂದಿರಾ? ಸರಿ, ಮೊದಲಿನಿಂದ ಹೇಳುತ್ತೇನೆ.

ಜನವರಿಯಲ್ಲಿ ನಾನು ಬಂದಿಳಿದಾಗಿನಿಂದ ಹಗಲು ಹೊತ್ತು ಈ ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಅಭಿನವ್. ನಿಮ್ಮ ಮಗಳು ಸೌಜನ್ಯ ಬೆಳಗ್ಗೆ ಬಸ್ಸು ಹಿಡಿದರೆ ಬರುವುದು ಸಂಜೆಗೆ. ಇವನು ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ, ನಾನು ಹಾಲಿನಲ್ಲಿ ಕಿಟಕಿಯ ಮುಂದೆ. ನಿಮಗೇ ಗೊತ್ತು, ಮದುವೆಯಾಗಿ ಆರು ವರ್ಷವಾದರೂ ಆ ಹುಡುಗ ನನ್ನನ್ನು ಏನೆಂದೂ ಕರೆದವನಲ್ಲ. ಅತ್ತೆ ಅನ್ನಲಿಲ್ಲ, ಆಂಟಿ ಅನ್ನಲಿಲ್ಲ. ನನ್ನ ಎದುರೇ ಕೂತುಕೊಂಡು “ಸೌಜು, ನಿಮ್ಮಮ್ಮಂಗೆ ಹೀಟರ್ ಜಾಸ್ತಿ ಮಾಡ್ಬೇಕಾ ಕೇಳು” ಅನ್ನುವನು. ನಾನೇನು ಕಡಿಮೆಯೇ? “ಅವರಿಗೆ ಇನ್ನೊಂದು ದೋಸೆ ಬೇಕಾ ಕೇಳೇ” ಎಂದು ಅದೇ ಮೇಜಿನ ಈ ತುದಿಯಿಂದ ನಾನು. ಸೌಜನ್ಯ ಮನೆಯಲ್ಲಿ ಇಲ್ಲದಾಗ ಈ ಪೋಸ್ಟಾಫೀಸೂ ಬಂದ್. ಹನ್ನೊಂದು ಗಂಟೆಗೆ ಕಾಫಿ ಕೊಟ್ಟರೆ “ಥ್ಯಾಂಕ್ಸ್”, ಒಂದು ಗಂಟೆಗೆ ಊಟಕ್ಕೆ ಕರೆದರೆ “ಬಂದೆ”. ದಿನಕ್ಕೆ ಎರಡು ಮಾತು. ಅವನ ಮನಸ್ಸಿನಲ್ಲಿ ಏನೋ ಬೇಸರವಿದೆ, ನಾನು ಬಂದದ್ದು ಅವನಿಗೆ ಇಷ್ಟವಿಲ್ಲವೇನೋ ಎಂದು ನಾನು ಒಳಗೊಳಗೇ ಅಂದುಕೊಂಡೆ. ನಿಮ್ಮ ಬಳಿ ಹೇಳಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಕಾಫಿ ಕೊಡಲು ಹೋದಾಗ ಅವನ ಪರದೆಯ ತುಂಬಾ ಬಣ್ಣದ ಚೌಕಗಳು. ಹದಿಮೂರು ಸಾಲು, ಹದಿಮೂರು ಕಂಬ. ಕೆಂಪು, ನೀಲಿ, ಹಸಿರು. ನನಗೆ ಅದು ನೇಯುವ ಮಾದರಿಯಂತೆ ಕಂಡಿತು. “ಯಾರಿಗೆ ಸ್ವೆಟರ್ರು?” ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಅವನು ನಕ್ಕ. ನಾನು ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. “ಸ್ವೆಟರ್ ಅಲ್ಲ, ಪೋಕರ್ ಚಾರ್ಟ್. ಯಾವ ಎಲೆ ಬಂದ್ರೆ ಆಡ್ಬೇಕು, ಯಾವ್ದು ಬಂದ್ರೆ ಬಿಡ್ಬೇಕು ಅಂತ. ಕಂಪ್ಯೂಟರ್ ತನ್ನ ಜೊತೆ ತಾನೇ ಕೋಟಿ ಕೋಟಿ ಸಲ ಆಡಿ ಕಂಡ್‌ಹಿಡ್ದಿರೋದು” ಎಂದ. ಕೋಟಿ ಸಲ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಕಾಲೇಜಿನಲ್ಲಿ ಅಷ್ಟು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವಳು ನಾನು. ಚೀಲದಲ್ಲಿ ಕೆಂಪು ಚೆಂಡು, ಬಿಳಿ ಚೆಂಡು ಹಾಕಿ ಹುಡುಗಿಯರಿಗೆ ಸಂಭವನೀಯತೆ ಹೇಳಿಕೊಡುತ್ತಿದ್ದೆ; ಅವರು ಆಕಳಿಸುತ್ತಿದ್ದರು. ಆ ಚೆಂಡುಗಳ ಬದಲು ಈ ಎಲೆಗಳು ಅಂದೇ ಸಿಕ್ಕಿದ್ದರೆ ಒಬ್ಬಳೂ ಆಕಳಿಸುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ. ಅವತ್ತು ಊಟಕ್ಕೆ ಎರಡೂವರೆ ಆಯಿತು.

ಆಟ ನೀವು ರೈಲಿನಲ್ಲಿ ಆಡುವ ರಮ್ಮಿಯಂತಲ್ಲ. ಒಬ್ಬೊಬ್ಬರಿಗೆ ಎರಡೇ ಎಲೆ, ಅವರವರಿಗೆ ಮಾತ್ರ ಕಾಣುವಂತೆ. ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು, ಹೀಗೆ ಐದು ಎಲೆ ತೆರೆಯುತ್ತಾರೆ. ಅವು ಎಲ್ಲರಿಗೂ ಸೇರಿದ್ದು. ನಮ್ಮ ಎರಡನ್ನು ಆ ಐದರ ಜೊತೆ ಕೂಡಿಸಿ ಯಾರದು ಹೆಚ್ಚಿನದೋ ಅವರು ಗೆದ್ದಂತೆ. ಪ್ರತಿ ಸಲ ಎಲೆ ತೆರೆದಾಗಲೂ ಬಣ್ಣದ ಬಿಲ್ಲೆಗಳನ್ನು ನಡುವೆ ಹಾಕುತ್ತಾ ಹೋಗಬೇಕು. ಇನ್ನೊಬ್ಬರು ಹಾಕಿದಷ್ಟು ಹಾಕಲು ಇಷ್ಟವಿಲ್ಲದವರು ಎಲೆ ಬಿಟ್ಟುಬಿಡಬಹುದು. ಎಲ್ಲರೂ ಬಿಟ್ಟರೆ ಉಳಿದವರು ಕೈಯಲ್ಲಿ ಏನೂ ಇಲ್ಲದೆಯೂ ಗೆಲ್ಲುತ್ತಾರೆ. ಹಾಗಾಗಿ ಎಲೆಯಷ್ಟೇ ಮುಖ್ಯ, ನೀವು ಎಷ್ಟನೆಯವರಾಗಿ ಆಡುತ್ತೀರಿ ಎನ್ನುವುದು. ಕೊನೆಗೆ ಆಡುವವರಿಗೆ ಉಳಿದವರೆಲ್ಲ ಏನು ಮಾಡಿದರು ಎಂದು ತಿಳಿದಿರುತ್ತದಲ್ಲ, ಅದಕ್ಕೆ ಅವರು ಹೆಚ್ಚು ಧೈರ್ಯ ಮಾಡಬಹುದು.

ಅಲ್ಲಿಂದ ಮುಂದೆ ದಿನಾ ಪಾಠ. ನಾನು ಹುರುಳಿಕಾಯಿ ಹೆಚ್ಚುತ್ತಿದ್ದರೆ ಒಳಕೋಣೆಯಿಂದ ಅವನು ಕೂಗುವನು: “ಎಕ್ಕ, ಒಂಬತ್ತು! ಜಾತಿ ಬೇರೆ! ಮೊದಲನೇ ಸೀಟು!” ನಾನು ಇಲ್ಲಿಂದ “ಬಿಡಬೇಕು!” “ಅದೇ ಎಲೆ, ಕೊನೇ ಸೀಟು!” “ಆಡಬೇಕು!” ಒಂದು ದಿನ ಸೌಜನ್ಯ ಬೇಗ ಬಂದವಳು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದಾಳೆ. “ಬಿಡಬೇಕು, ಬಿಡಬೇಕು” ಎಂದು ನಾನು ಕಿರುಚುವುದು ಕೇಳಿ ಗಂಡನಿಗೂ ತಾಯಿಗೂ ದೊಡ್ಡ ಜಗಳವಾಗಿದೆ ಎಂದು ಶೂ ಕೂಡ ಬಿಚ್ಚದೆ ಓಡಿ ಬಂದಳು. ಬಂದು ನೋಡಿದರೆ ನಾನು ಸೌಟು ಹಿಡಿದುಕೊಂಡು ಗುಲಾಮನ ಜೋಡಿಯ ಮೇಲೆ ವಾದ ಮಾಡುತ್ತಿದ್ದೇನೆ.

ಏಪ್ರಿಲ್ ಹೊತ್ತಿಗೆ ಮನೆಯ ಆಟದಲ್ಲಿ ನಾನು ಅವನನ್ನು ಸೋಲಿಸುತ್ತಿದ್ದೆ. ಹೋದ ವಾರ ಊಟದ ಹೊತ್ತಿಗೆ ಅವನು ತಟ್ಟೆ ನೋಡಿಕೊಂಡು “ಶನಿವಾರ ಮಧ್ಯಾಹ್ನ ಒಂದು ಸಣ್ಣ ಟೂರ್ನಮೆಂಟ್ ಇದೆ. ಓದಿರೋದನ್ನ ನಿಜವಾದ ಜನರ ಎದುರು ಆಡಿ ನೋಡ್ಬೇಕು ಅಂತ ನಂಗೆ ಆಸೆ. ಬರ್ತೀರಾ?” ಎಂದ. ಎಲ್ಲರಿಗೂ ಸಮನಾಗಿ ಬಿಲ್ಲೆ ಕೊಡುತ್ತಾರೆ, ಖಾಲಿಯಾದವರು ಎದ್ದು ಹೋಗಬೇಕು, ಅಷ್ಟೇ. ಹೋಟೆಲಿನಲ್ಲಿ ಊಟ ಮಾಡಿದಷ್ಟು ಖರ್ಚು, ಅದಕ್ಕಿಂತ ಹೆಚ್ಚು ಕಳೆದುಕೊಳ್ಳಲು ಬರುವುದೇ ಇಲ್ಲ. ಇದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೇ ಹೂಂ ಅಂದೆ. “ಅಪ್ಪಂಗೆ ಯಾರು ಹೇಳ್ತೀರ?” ಎಂದಳು ಸೌಜನ್ಯ. ಇಬ್ಬರೂ ಮಜ್ಜಿಗೆ ಕುಡಿದೆವು.

ರೇಷ್ಮೆ ಸೀರೆ ಬೇಡ ಎಂದು ಹತ್ತಿ ಸೀರೆ ಉಟ್ಟು, ಮೇಲೆ ಸೌಜನ್ಯಳ ಮಳೆ ಜಾಕೆಟ್ ಹಾಕಿಕೊಂಡು ಹೋದೆ. ಒಳಗೆ ನಾನು ಅಂದುಕೊಂಡಂತೆ ಹೊಗೆಯೂ ಇರಲಿಲ್ಲ, ಕತ್ತಲೂ ಇರಲಿಲ್ಲ. ಬ್ಯಾಂಕಿನ ಕ್ಯಾಂಟೀನಿನ ಹಾಗಿತ್ತು. ಆದರೆ ಸದ್ದು! ಎಲ್ಲರೂ ಕೈಯಲ್ಲಿ ಎರಡು ಬಿಲ್ಲೆ ಹಿಡಿದು ಕಟಕಟ ಕಟಕಟ ಎನ್ನಿಸುತ್ತಲೇ ಇರುತ್ತಾರೆ. ನಮ್ಮಿಬ್ಬರಿಗೆ ಬೇರೆ ಬೇರೆ ಮೇಜು ಬಂತು. ನನ್ನ ಪಕ್ಕದಲ್ಲಿ ಥರ್ಮಾಸ್ ಫ್ಲಾಸ್ಕ್ ಇಟ್ಟುಕೊಂಡ ಒಬ್ಬ ಅಜ್ಜಿ, ಎದುರಿಗೆ ಹಸಿರು ಟೋಪಿಯ ಒಬ್ಬ ದಪ್ಪ ಮನುಷ್ಯ. ಎಲೆ ಹಂಚುವ ಹುಡುಗಿ ಎಷ್ಟು ಬೇಗ ಹಂಚಿದಳೆಂದರೆ, ನನ್ನ ಎಲೆ ತೆಗೆದು ನೋಡುವಷ್ಟರಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನನ್ನ ಸರದಿ. ಇಷ್ಟು ದಿನ ಬಾಯಿಪಾಠ ಮಾಡಿದ್ದು ಎಲ್ಲಿ ಹೋಯಿತೋ! ಆ ಹದಿಮೂರು ಸಾಲು ಕಣ್ಣೆದುರು ತರಲು ನೋಡುತ್ತೇನೆ, ಬರೀ ಸ್ವೆಟರೇ ಕಾಣುತ್ತದೆ. ಎಲೆ ಬಿಟ್ಟೆ. ಮುಂದಿನದೂ ಬಿಟ್ಟೆ. ಒಮ್ಮೆ ದಸ್ಸಿನ ಜೋಡಿ, ಎಂದರೆ ಎರಡು ಹತ್ತು, ಬಂದಿತ್ತು, ಎಲ್ಲಿ ಕೂತಿದ್ದರೂ ಆಡಬೇಕಾದ ಎಲೆ. ಆ ಅಜ್ಜಿ ಆಗಷ್ಟೇ ಬಿಲ್ಲೆ ಹಾಕಿ ನನ್ನ ಕಡೆ ತಿರುಗಿ ಮುಗುಳ್ನಕ್ಕರು. ವಯಸ್ಸಾದವರು, ಪಾಪ ಅನ್ನಿಸಿ ಅದನ್ನೂ ಬಿಟ್ಟೆ. ಬಿಟ್ಟ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಎಣ್ಣೆ ಕಾದಿದ್ದರೂ ಸಾಸಿವೆ ಹಾಕಲು ಮರೆತು ನಿಂತವಳಂತೆ ಒಂದು ಗಂಟೆ ಕಳೆದೆ.

ಆಮೇಲೆ ಅಭಿನವ್ ಹೇಳಿದ್ದು ನೆನಪಾಯಿತು. “ಚಾರ್ಟ್ ನೆನಪಾಗ್ಲಿಲ್ಲ ಅಂದ್ರೆ ಪರ್ವಾಗಿಲ್ಲ. ಉಸಿರು ತಗೊಂಡು, ನಾನು ಎಷ್ಟನೇ ಸೀಟು, ನಂಗಿಂತ ಮುಂಚೆ ಯಾರು ಏನ್ಮಾಡಿದ್ರು ಅಂತ ಅಷ್ಟೇ ನೋಡಿ. ಉಳಿದದ್ದು ತಾನಾಗೇ ಬರುತ್ತೆ.” ಮುಂದಿನ ಎಲೆಗೆ ಹಾಗೇ ಮಾಡಿದೆ. ಅವಸರ ಮಾಡುವವರು ಮಾಡಲಿ ಎಂದು ನಿಧಾನವಾಗಿ ಸೀಟು ಎಣಿಸಿದೆ, ಎಲೆ ನೋಡಿದೆ. ಆಗ ನಿಜಕ್ಕೂ ಕೆಂಪು ಚೌಕ, ನೀಲಿ ಚೌಕ ಒಂದೊಂದಾಗಿ ಬಂದು ತಮ್ಮ ಜಾಗದಲ್ಲಿ ಕೂತವು.

ಹಸಿರು ಟೋಪಿಯವನು ಪ್ರತಿ ಆಟದಲ್ಲೂ ಬಿಲ್ಲೆ ತಳ್ಳಿ ಜನರನ್ನು ಓಡಿಸುತ್ತಿದ್ದ. ಒಮ್ಮೆ ನಾನೂ ಅವನೂ ಇಬ್ಬರೇ ಉಳಿದೆವು. ನನ್ನ ಬಳಿ ಬರೀ ಎಂಟರ ಜೋಡಿ. ಐದನೆಯ ಎಲೆ ತೆರೆದ ಮೇಲೆ ಅವನು ನಡುವೆ ಇದ್ದ ಬಿಲ್ಲೆಗಳ ಅರ್ಧದಷ್ಟನ್ನು ತಳ್ಳಿ ನನ್ನನ್ನೇ ದುರುಗುಟ್ಟಿ ನೋಡಿದ. ಮೊದಲಾದರೆ ಹೆದರಿ ಬಿಡುತ್ತಿದ್ದೆ. ಲೆಕ್ಕ ಹಾಕಿದೆ. ಅರ್ಧಕ್ಕೆ ಅರ್ಧ ಹಾಕಿದರೆ ನಾನು ನಾಲ್ಕರಲ್ಲಿ ಒಂದು ಸಲ ಸರಿ ಇದ್ದರೂ ನಷ್ಟವಿಲ್ಲ. ಈ ಮನುಷ್ಯ ನಾಲ್ಕರಲ್ಲಿ ಒಂದು ಸಲವಾದರೂ ಸುಳ್ಳು ಹೇಳುವುದಿಲ್ಲವೇ? ಆಟ ಶುರುವಾದಾಗಿನಿಂದ ಹೇಳಿದ್ದೇ ಅದು. ಅಷ್ಟೂ ಹಾಕಿದೆ. ಅವನ ಕೈಯಲ್ಲಿ ಏನೂ ಇರಲಿಲ್ಲ! ಬರೀ ಎಂಟು ಹಿಡಿದುಕೊಂಡು ಹೇಗೆ ಹಾಕಿದಿರಿ ಎಂದು ಕೇಳಿದ. “ಅರಿಥ್‌ಮೆಟಿಕ್” ಅಂದೆ. ಥರ್ಮಾಸ್ ಅಜ್ಜಿ ನಕ್ಕು ನನಗೂ ಒಂದು ಲೋಟ ಶುಂಠಿ ಚಹಾ ಬಗ್ಗಿಸಿದರು.

ಜನ ಖಾಲಿಯಾಗುತ್ತಾ ಹೋದಂತೆ ಮೇಜುಗಳನ್ನು ಸೇರಿಸಿದರು. ಕೊನೆಗೆ ಒಂದೇ ಮೇಜು ಉಳಿಯಿತು, ಒಂಬತ್ತು ಜನ. ಅದರಲ್ಲಿ ನಾನು, ಅಜ್ಜಿ, ಹಸಿರು ಟೋಪಿ, ಮತ್ತು ಅಭಿನವ್. ಅವನು ನನ್ನನ್ನು ನೋಡಿ ಹುಬ್ಬೇರಿಸಿದ. ನನಗೆ ಒಳಗೆ ಎಂಥಾ ಖುಷಿ ಎಂದರೆ, ರ‍್ಯಾಂಕ್ ಪಟ್ಟಿಯಲ್ಲಿ ನನ್ನ ವಿದ್ಯಾರ್ಥಿನಿಯ ಹೆಸರು ಬಂದಾಗ ಆಗುತ್ತಿತ್ತಲ್ಲ, ಅಷ್ಟು. ಆದರೆ ಸ್ವಲ್ಪ ಹೊತ್ತಿನಲ್ಲೇ ಆ ಖುಷಿಗೆ ಹುಳಿ ಹಿಂಡಿದ ಹಾಗಾಯಿತು. ಎಕ್ಕ, ದಸ್ಸು ಬಂದಿತ್ತು, ಆಡಿದೆ. ಉಳಿದವರೆಲ್ಲ ಬಿಟ್ಟರು, ಅಭಿನವ್ ಒಬ್ಬ ಬಂದ. ನಡುವೆ ರಾಜ, ಏಳು, ಎರಡು ಬಿತ್ತು. ನನಗೆ ಏನೂ ಹೊಂದಲಿಲ್ಲ. ಓದಿದ ಪ್ರಕಾರ ಒಂದು ಸಣ್ಣ ಪಾಲು ಹಾಕಿದೆ, ಅವನೂ ಹಾಕಿದ. ನಾಲ್ಕನೆಯ ಎಲೆಯಲ್ಲೂ ಏನಿಲ್ಲ, ಮತ್ತೆ ಅಷ್ಟೇ ಸಣ್ಣದು ಹಾಕಿದೆ. ಅವನು ತಕ್ಷಣ ಎಲೆ ಎಸೆದುಬಿಟ್ಟ. ಎಸೆಯುವಾಗ ಒಂದು ಎಲೆ ಮಗುಚಿ ಅಂಗಾತ ಬಿತ್ತು. ಆಟಿನ್ ರಾಜ. ಅಂದರೆ ನಡುವೆ ಬಿದ್ದಿದ್ದ ರಾಜನ ಜೊತೆ ಸೇರಿ ಅವನ ಹತ್ತಿರ ರಾಜನ ಜೋಡಿ ಇತ್ತು! ಅಷ್ಟು ಸಣ್ಣ ಮೊತ್ತಕ್ಕೆ ರಾಜನ ಜೋಡಿಯನ್ನು ಯಾರೂ ಬಿಡುವುದಿಲ್ಲ. ನನಗೆ ಅದನ್ನು ಕಲಿಸಿದವನೇ ಅವನು. ಅತ್ತೆ ಎಂದು ಬಿಟ್ಟುಕೊಟ್ಟಿದ್ದ. ನಾವಿಬ್ಬರೂ ಒಟ್ಟಿಗೆ ಬಂದವರೆಂದು ಎಲ್ಲರಿಗೂ ಗೊತ್ತು. ಹಾಗೆ ಒಬ್ಬರಿಗೊಬ್ಬರು ಬಿಟ್ಟುಕೊಡುವುದು ಇಲ್ಲಿ ಮೋಸಕ್ಕೆ ಸಮ. ಎಲೆ ಹಂಚುವ ಹುಡುಗಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, ದಯವಿಟ್ಟು ಎಲ್ಲರೂ ಅವರವರ ಆಟ ಆಡಿ ಎಂದಳು. ಬಿಲ್ಲೆಗಳು ನನ್ನ ಕಡೆ ಬಂದವು. ನನಗೆ ಮುಟ್ಟಲು ಮನಸ್ಸಾಗಲಿಲ್ಲ.

ಅದೃಷ್ಟಕ್ಕೆ ಆಗಲೇ ಹತ್ತು ನಿಮಿಷ ಬಿಡುವು ಕೊಟ್ಟರು. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ತುಂತುರು ಬೀಳುತ್ತಿತ್ತು. ಅವನು ನನ್ನ ಹಿಂದೆಯೇ ಬಂದ. ನಾನು ತಿರುಗಿ ನಿಂತು “ಯಾಕೋ ಹಾಗೆ ಮಾಡಿದೆ?” ಅಂದುಬಿಟ್ಟೆ. ಅಳಿಯನಿಗೆ ‘ಯಾಕೋ’ ಅಂದೆ ಕಣ್ರೀ! ಆರು ವರ್ಷ ಬಹುವಚನದಲ್ಲಿ ಕಾಪಾಡಿಕೊಂಡು ಬಂದ ಮರ್ಯಾದೆ ಒಂದೇ ಮಾತಿಗೆ ಹೋಯಿತು. ಆದರೆ ನಿಲ್ಲಿಸಲು ಆಗಲಿಲ್ಲ. “ನೀವು ಗೆಲ್ಲಲಿ ಅಂತ” ಎಂದು ಅವನು ಗೊಣಗಿದ. “ನನ್ನನ್ನ ಗೆಲ್ಲಿಸೋಕೆ ನೀನ್ಯಾರು? ಸುಮ್ನೆ ಕೊಟ್ಟಿದ್ದು ಬೇಕಿದ್ರೆ ನಾನು ಮನೇಲೇ ಕೂತಿರ್ತಿದ್ದೆ. ಇಷ್ಟು ದಿನ ಒಟ್ಟಿಗೆ ಕೂತು ಓದಿದ್ದು ಇದಕ್ಕಾ? ಆ ಹುಡುಗಿ ನಮ್ಮನ್ನ ಕಳ್ಳರ ಥರ ನೋಡಿದ್ಲು, ನೋಡ್ದೆಯಾ?” ಅಂದೆ. ಅವನು ತಲೆ ತಗ್ಗಿಸಿ ನಿಂತ. ಕನ್ನಡಕದ ಮೇಲೆಲ್ಲ ಮಳೆ ಹನಿ. ನನಗೆ ಅಯ್ಯೋ ಅನ್ನಿಸುವಷ್ಟರಲ್ಲಿ ತಲೆ ಎತ್ತಿ, “ಹಾಗಾದ್ರೆ ಇನ್ಮೇಲೆ ಬಿಡಲ್ಲ. ಬೇಜಾರು ಮಾಡ್ಕೋಬಾರ್ದು” ಎಂದ. “ಬಿಟ್ರೆ ಬೇಜಾರು” ಅಂದೆ. ಇಬ್ಬರಿಗೂ ನಗು ಬಂತು. ಒಳಗೆ ಹೋಗುವಾಗ ಅವನೇ ಬಾಗಿಲು ಹಿಡಿದುಕೊಂಡು ನಿಂತ.

ಬಿಡಲಿಲ್ಲ, ನಿಜವಾಗಿಯೂ ಬಿಡಲಿಲ್ಲ. ಮುಂದಿನ ಒಂದು ಗಂಟೆಯಲ್ಲಿ ನನ್ನ ಬಿಲ್ಲೆಗಳಲ್ಲಿ ಅರ್ಧ ಕಿತ್ತುಕೊಂಡ, ದುಷ್ಟ. ನಾಲ್ಕು ಜನ ಉಳಿದಾಗ ನನ್ನ ಸರದಿ ಬಂತು. ಆ ಆಟದಲ್ಲಿ ಉಳಿದಿಬ್ಬರು ಎಲೆ ಬಿಟ್ಟು ನಾನೂ ಅಭಿನವ್ ಇಬ್ಬರೇ ಇದ್ದೆವು. ನಡುವೆ ಇದ್ದ ಐದು ಎಲೆಗಳಲ್ಲಿ ಮೂರು ಆಟಿನ್. ಕೈಯಲ್ಲಿ ಎರಡು ಆಟಿನ್ ಇದ್ದವರಿಗೆ ಐದೂ ಒಂದೇ ಜಾತಿಯಾಗಿ ದೊಡ್ಡ ಗೆಲುವು. ನನ್ನ ಬಳಿ ಇದ್ದದ್ದು ಒಂದೇ ಆಟಿನ್, ಅದು ಎಕ್ಕ. ಇನ್ನೊಂದು ಎಲೆ ಕೆಲಸಕ್ಕೆ ಬಾರದ ಕಳಾವರ್ ಐದು. ಅಂದರೆ ಕೈ ಖಾಲಿ. ಆದರೆ ಓದಿದ್ದೆನಲ್ಲ: ಆ ಎಕ್ಕ ನನ್ನಲ್ಲಿದ್ದರೆ ಅವನಲ್ಲಿ ಇರುವುದು ಸಾಧ್ಯವೇ ಇಲ್ಲ. ಎಲ್ಲಕ್ಕಿಂತ ದೊಡ್ಡದು ಅವನಲ್ಲಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಎಲೆ ಸಿಗುವುದಿಲ್ಲ. ಓದುವಾಗ ಇದು ಎಷ್ಟು ಸುಲಭ! ಇದ್ದ ಬಿಲ್ಲೆಗಳನ್ನೆಲ್ಲ ಎರಡೂ ಕೈಯಲ್ಲಿ ತಳ್ಳಿ, ಕೈ ಕಟ್ಟಿ ಕೂತೆ. ಅಭಿನವ್ ನನ್ನ ಮುಖ ನೋಡತೊಡಗಿದ. ಎಷ್ಟು ಹೊತ್ತು ನೋಡಿದನೋ. ಆಗ ನನಗೆ ನನ್ನ ಹಳೆಯ ಮುಖ ನೆನಪಾಯಿತು, ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯದು. ಮೇಡಂ ಚೀಟಿ ನೋಡಿದ್ದಾರೋ ಇಲ್ಲವೋ ಎಂದು ಯಾವ ಹುಡುಗಿಗೂ ತಿಳಿಯುತ್ತಿರಲಿಲ್ಲವಲ್ಲ, ಆ ಮುಖ. ಅದನ್ನೇ ಹಾಕಿಕೊಂಡು ಕೂತೆ. ಅವನು ಉಸಿರು ಬಿಟ್ಟು, ಎಲೆ ಕೆಳಗಿಟ್ಟು, “ತಗೊಳ್ಳಿ, ಎಕ್ಕ ನಿಮ್ಮತ್ರಾನೇ ಇದೆ” ಎಂದ. ಅದಂತೂ ನಿಜವೇ ಇತ್ತು! ಇನ್ನೊಂದು ಎಲೆ ಏನಿತ್ತು ಎಂದು ನಿನ್ನೆಯಿಂದ ಕೇಳುತ್ತಿದ್ದಾನೆ. ಹೇಳಿಲ್ಲ. ನೀವೂ ಹೇಳಬೇಡಿ.

ಹಸಿರು ಟೋಪಿ ಅಜ್ಜಿಗೆ ಸೋತು ಎ‌ದ್ದುಹೋದ ಮೇಲೆ ಮೂವರು ಉಳಿದೆವು. ನನಗೆ ರಾಣಿಯ ಜೋಡಿ ಬಂತು. ಅಭಿನವ್ ಎಲ್ಲ ಬಿಲ್ಲೆಗಳನ್ನೂ ಮುಂದೆ ತಳ್ಳಿದ. ಒಂದು ಕ್ಷಣವೂ ಯೋಚಿಸುವ ಅಗತ್ಯವಿರಲಿಲ್ಲ, ನಾನೂ ತಳ್ಳಿದೆ. ಇಬ್ಬರೂ ಎಲೆ ತೆರೆದು ಇಟ್ಟೆವು. ಅವನದು ಎಕ್ಕ ಮತ್ತು ರಾಜ. ನೂರು ಸಲ ಆಡಿದರೆ ಐವತ್ತೈದು ಸಲ ನಾನೇ ಗೆಲ್ಲಬೇಕು. ನಡುವೆ ಮೂರು ಎಲೆ ಬಿದ್ದವು, ನನ್ನ ರಾಣಿಯರೇ ಮುಂದೆ. ನಾಲ್ಕನೆಯದೂ ಬಿತ್ತು, ರಾಣಿಯರೇ ಮುಂದೆ. ಅಜ್ಜಿ ನನ್ನ ಮೊಣಕೈ ಹಿಡಿದುಕೊಂಡರು. ಐದನೆಯದು ಡೈಮಂಡ್ ರಾಜ.

“ಅಯ್ಯೋ, ಅಮ್ಮಾ!” ಎಂದು ಕೂಗಿ ಅಭಿನವ್ ತಲೆಯ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತ. ಗೆದ್ದವನು ಅವನು! ನಾನು ನಗಲು ಶುರು ಮಾಡಿದವಳು ನಿಲ್ಲಿಸಲೇ ಆಗಲಿಲ್ಲ. ನಿಜ ಹೇಳುತ್ತೇನೆ, ಒಂದಿಷ್ಟೂ ದುಃಖವಾಗಲಿಲ್ಲ. ಮೊದಲ ಗಂಟೆಯಲ್ಲಿ ದಸ್ಸಿನ ಜೋಡಿ ಬಿಟ್ಟಾಗ ಆದಷ್ಟು ಬೇಸರ ಇದಕ್ಕೆ ಆಗಲಿಲ್ಲ. ಅದು ನನ್ನ ತಪ್ಪು, ಇದು ಎಲೆಯ ಮರ್ಜಿ. ಅವನು ಕೂಗಿದ ‘ಅಮ್ಮಾ’ ಎಡವಿದಾಗ ಎಲ್ಲರೂ ಅನ್ನುವ ಅಮ್ಮಾನೋ ನನ್ನನ್ನು ಕರೆದ ಅಮ್ಮಾನೋ ಆಗ ತಿಳಿಯಲಿಲ್ಲ. ನಾನು ಜಾಕೆಟ್ ತೆಗೆದುಕೊಂಡು ಹಿಂದಿನ ಕುರ್ಚಿಗೆ ಹೋಗಿ ಕೂತೆ. ಅಜ್ಜಿ ಅರ್ಧ ಗಂಟೆಯಲ್ಲಿ ಅಭಿನವ್‌ನನ್ನೂ ಮುಗಿಸಿ, ಫ್ಲಾಸ್ಕ್ ಎತ್ತಿಕೊಂಡು, ನಮ್ಮಿಬ್ಬರ ಕೈಯನ್ನೂ ಕುಲುಕಿ, ಮುಂದಿನ ತಿಂಗಳು ಬನ್ನಿ ಎಂದು ಹೇಳಿ ಹೊರಟರು. ನಾನು ಪಾಪ ಅಂದುಕೊಂಡದ್ದು ಇವರನ್ನೇ!

ಹೊರಗೆ ಬಂದಾಗ ಇನ್ನೂ ಬೆಳಕಿತ್ತು, ಮಳೆ ನಿಂತು ಬಿಸಿಲು ಬಂದಿತ್ತು. “ಅಮ್ಮ, ಫೆರಿ ಹತ್ತೋಣ್ವಾ? ಸುಮ್ನೆ ಆ ಕಡೆ ಹೋಗಿ ಬರೋಣ” ಎಂದ. ಆಗ ತಿಳಿಯಿತು, ಅದು ನನ್ನನ್ನೇ ಕರೆದದ್ದು. ಕಾರನ್ನು ದಡದಲ್ಲೇ ಬಿಟ್ಟು ಹಡಗು ಹತ್ತಿದೆವು. ಎದುರಿನ ದ್ವೀಪಕ್ಕೆ ಇಪ್ಪತ್ತು ನಿಮಿಷ. ಮೇಲಿನ ಅಟ್ಟದಲ್ಲಿ ಗಾಳಿ ಎಷ್ಟಿತ್ತೆಂದರೆ ನನ್ನ ಸೆರಗು ಅವನ ಮುಖಕ್ಕೆ ಬಡಿಯುತ್ತಿತ್ತು. ಹಿಂದೆ ಪರ್ವತದ ಸಾಲಿನ ಮೇಲೆ ಹಿಮ, ಪಕ್ಕದಲ್ಲೇ ಹಾರಿ ಬರುವ ಬೆಳ್ಳಕ್ಕಿಯಂಥ ಹಕ್ಕಿಗಳು. ಅವನು ಬಿಸಿ ಚಾಕಲೇಟ್ ತಂದುಕೊಟ್ಟು ಕಂಬಿಗೆ ಒರಗಿ ನಿಂತು ಬಹಳ ಮಾತಾಡಿದ. ಅದನ್ನು ಆಮೇಲೆ ಬರೆಯುತ್ತೇನೆ. ನೀವು ಬಂದ ಮೇಲೆ ನಿಮ್ಮನ್ನೂ ಆ ಹಡಗಿಗೆ ಕರೆದುಕೊಂಡು ಹೋಗಬೇಕು. ಹೊಸ ಕಣ್ಣಿನಲ್ಲಿ ನೋಡುವಂಥ ಜಾಗ.

ಇನ್ನೇನು ವಿಶೇಷವಿಲ್ಲ. ಸೌಜನ್ಯ ಚೆನ್ನಾಗಿದ್ದಾಳೆ, ತುಸು ಸೊರಗಿದ್ದಾಳೆ, ಕೆಲಸ ಹೆಚ್ಚು. ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ, ಆದರೆ ಪೋಕರ್ ವಿಷಯ ತಿಳಿಸಬೇಡಿ. ಬಾಲ್ಕನಿಯ ದಾಸವಾಳಕ್ಕೆ ನೀರು ಹಾಕುತ್ತಿದ್ದೀರೆಂದು ನಂಬಿದ್ದೇನೆ. ರಾತ್ರಿ ಕಣ್ಣಿಗೆ ಆ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಂಡೇ ಮಲಗಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಅಭಿನವ್‌ನನ್ನಲ್ಲ. ನಿಮ್ಮ ಆರೋಗ್ಯವನ್ನು ದೇವರು ಕಾಪಾಡಲಿ.

ಇತಿ ನಿಮ್ಮ ಪ್ರೀತಿಯ,
ಉಷಾ

ತಾ.ಕ.: ಚಂದ್ರಶೇಖರ್ ಬಂದಾಯಿತು, ಕೆಳಗೆ ಕಾರಿನಲ್ಲಿದ್ದಾರೆ, ಸೌಜನ್ಯ ಮಾತ್ರೆ ಡಬ್ಬಿ ಕೊಡಲು ಇಳಿದಿದ್ದಾಳೆ. ಬೆಳಗಿನಿಂದ ಇದೊಂದನ್ನು ಬರೆಯಲು ಧೈರ್ಯ ಬರದೆ ಬರೀ ಆಟದ ಕಥೆ ಬರೆದೆ. ಅಭಿನವ್‌ಗೆ ಕೆಲಸ ಹೋಗಿದೆ. ನಾನು ಇಲ್ಲಿಗೆ ಬರುವ ಹಿಂದಿನ ವಾರವೇ, ಅವನ ಕಂಪನಿಯಲ್ಲಿ ನೂರಾರು ಜನರನ್ನು ಒಟ್ಟಿಗೆ ತೆಗೆದಾಗ. ಸೌಜನ್ಯಳ ಕೆಲಸ ಗಟ್ಟಿಯಾಗಿದೆ, ಸಂಸಾರಕ್ಕೆ ತೊಂದರೆಯಿಲ್ಲ, ಇವನು ಬೆಳಗ್ಗೆಯೆಲ್ಲ ಅರ್ಜಿ ಹಾಕುತ್ತಾನೆ, ಎರಡು ಕಡೆ ಸಂದರ್ಶನವೂ ಆಗಿದೆ. ಇಸ್ಪೀಟಿನಿಂದ ಹೋದದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮಧ್ಯಾಹ್ನಗಳನ್ನು ಕಳೆಯಲಾಗದೆ ಹಿಡಿದದ್ದು ಅದು. ಇಷ್ಟು ದಿನ ನನ್ನನ್ನು ಕಂಡರೆ ಆಗದೆ ಸುಮ್ಮನಿದ್ದದ್ದಲ್ಲ ರೀ, ನಾನು ಕೆಲಸದ ಬಗ್ಗೆ ಏನಾದರೂ ಕೇಳಿಬಿಡುತ್ತೇನೆ ಎಂದು ಹೆದರಿ ಸುಮ್ಮನಿದ್ದದ್ದು. ನಿನ್ನೆ ಫೆರಿಯಲ್ಲಿ ತಾನಾಗಿಯೇ ಹೇಳಿದ. “ಮಾವಂಗೆ ನೀವೇ ಹೇಳ್ಬಿಡಿ ಅಮ್ಮ, ಫೋನಲ್ಲಿ ನನ್ನ ಕೈಲಾಗಲ್ಲ” ಎಂದ. ಈ ಕಾಗದ ಸಿಕ್ಕ ಮೇಲೆ ಬರುವ ಭಾನುವಾರ ನೀವೇ ಅವನಿಗೆ ಫೋನ್ ಮಾಡಿ. ಕೆಲಸ ಕೊಡಿಸುತ್ತೇನೆ ಎಂದು ನಿಮ್ಮ ಸ್ನೇಹಿತರ ಮಗನ ಕಂಪನಿಯ ಹೆಸರು ಎತ್ತಬೇಡಿ, ಬುದ್ಧಿ ಹೇಳಬೇಡಿ. ರಾಜನ ಜೋಡಿ ಯಾಕೆ ಬಿಟ್ಟೆ ಎಂದು ಬೇಕಾದರೆ ಜಗಳವಾಡಿ. ಅವನಾಗಿ ಮಾತು ತೆಗೆದರೆ ಸುಮ್ಮನೆ ಕೇಳಿ, ಅಷ್ಟೇ. ನಿಮಗೆ ಕಷ್ಟ, ಗೊತ್ತು. ನನಗೂ ಅವನು ಹೇಳಿದಾಗ ಕಷ್ಟವೇ ಆಯಿತು. ಹಡಗು ದಡಕ್ಕೆ ಬಂದಾಗ “ರಾತ್ರಿಗೆ ಹುಳಿ ಮಾಡ್ಲೇನೋ, ಸಾರು ಮಾಡ್ಲಾ?” ಎಂದು ಕೇಳಿದೆ. “ಎರಡೂ ಮಾಡಿ” ಎಂದ. ಎರಡೂ ಮಾಡಿದೆ. ತಿರುಗಿ ತಿರುಗಿ ಬಡಿಸಿಕೊಂಡು ಉಂಡ. — ಉ.